ಗೆಲ್ಲುತ್ತಿದ್ದ ಹ್ಯಾಂಡ್‌ಬಾಲ್ ತಂಡ ಕೊನೆಯ ಹತ್ತು ನಿಮಿಷದಲ್ಲಿ ಯಾಕೆ ಕುಸಿಯುತ್ತದೆ?

ಹುಬ್ಬಳ್ಳಿ–ಧಾರವಾಡದ ಕಡೆ ಹ್ಯಾಂಡ್‌ಬಾಲ್ ಮ್ಯಾಚ್ ಸೋತು ಬಂದ ತಂಡಕ್ಕೆ ಕಾರಣ ಹೇಳುವವರಿಗೇನೂ ಬರವಿಲ್ಲ. ‘ಹುಡುಗರು ಟೆನ್ಶನ್ ತಗೊಂಡ್ರು’ ಅನ್ನುವವರು ಒಂದಿಷ್ಟು. ‘ರೆಫರಿ ಆ ಕಡೆಯವರಿಗೆ ಕೊಟ್ಟುಬಿಟ್ಟ’ ಅನ್ನುವವರು ಇನ್ನೊಂದಿಷ್ಟು. ಮ್ಯಾಚ್ ಪೂರ್ತಿ ಮುಂದಿದ್ದು ಕೊನೆಗೆ ಸೋತರಂತೂ ಕೇಳುವುದೇ ಬೇಡ. ಎದೆಗಾರಿಕೆ ಇಲ್ಲದ ತಂಡ ಅನ್ನುವ ಹಣೆಪಟ್ಟಿ ಮುಂದಿನ ವರ್ಷದ ಕೂಟದವರೆಗೂ ಅಂಟಿಕೊಂಡಿರುತ್ತದೆ.

ಟೆನ್ಶನ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಟೆನ್ಶನ್ ಎರಡೂ ತಂಡಕ್ಕೆ ಇರುತ್ತದೆ, ಅಲ್ವಾ? ಹಾಗಿದ್ದರೆ ಒಂದೇ ತಂಡ ಯಾಕೆ ಕುಸಿಯಬೇಕು? ಸ್ವಲ್ಪ ಗಮನವಿಟ್ಟು ನೋಡಿದರೆ ಉತ್ತರ ಕೊನೆಯ ಹತ್ತು ನಿಮಿಷದಲ್ಲಿ ಸಿಗುವುದಿಲ್ಲ, ಅದಕ್ಕಿಂತ ಎಷ್ಟೋ ಮುಂಚೆ ಸಿಗುತ್ತದೆ. ಯಾರನ್ನು ಎಷ್ಟು ಹೊತ್ತು ಆಡಿಸಿದರು, ಬೆಂಚಿನ ಮೇಲೆ ಯಾರು ಕೂತೇ ಉಳಿದರು, ಎರಡು ನಿಮಿಷದ ಶಿಕ್ಷೆ ಯಾರ ಹೆಸರಿನಲ್ಲಿ ಎಷ್ಟಿದೆ, ಟೈಮ್‌ಔಟ್ ಕಾರ್ಡು ಕೈಯಲ್ಲಿ ಉಳಿದಿದೆಯೋ ಇಲ್ಲವೋ. ಕೊನೆಯಲ್ಲಿ ಕಾಣುವ ಗಾಬರಿಯಲ್ಲಿ ಮುಕ್ಕಾಲು ಪಾಲು ಈ ಹಳೆಯ ಸಾಲಗಳದ್ದೇ ಬಡ್ಡಿ.

ಆಟ ಗೊತ್ತಿಲ್ಲದವರಿಗೆ ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ. 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳ. ಕೀಪರ್ ಸೇರಿ ಒಂದು ಕಡೆ ಏಳು ಜನ. ಗೋಲಿನ ಮುಂದಿನ ಆರು ಮೀಟರ್ ಗೆರೆಯೊಳಗೆ ಕೀಪರ್ ಬಿಟ್ಟು ಬೇರೆ ಯಾರೂ ಕಾಲಿಡುವ ಹಾಗಿಲ್ಲ. ಗಾಳಿಯಲ್ಲಿ ಹಾರಿ ಒಳಗೆ ಬಂದು, ನೆಲ ಮುಟ್ಟುವ ಮುಂಚೆ ಚೆಂಡು ಬಿಟ್ಟರೆ ಸರಿ. ದೊಡ್ಡವರಿಗೆ ಅರ್ಧಕ್ಕೆ 30 ನಿಮಿಷ, 12ರಿಂದ 16 ವರ್ಷದವರಿಗೆ 25 ನಿಮಿಷ. ನಮ್ಮ ತಾಲೂಕು ಮಟ್ಟದ ಕೂಟಗಳಲ್ಲಿ ಹೊತ್ತು ಸಾಲದೆ ಅದನ್ನೂ ಇಳಿಸುವುದುಂಟು. ಬದಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ, ಯಾರಿಗೂ ಹೇಳದೆ, ಆಟ ನಡೆಯುತ್ತಿರುವಾಗಲೇ ಒಳಗೆ ಕಳಿಸಬಹುದು. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಸೋಲುವುದು ಕಾಲು

ದೊಡ್ಡ ಮಟ್ಟದ ಆಟಗಾರ ಒಂದು ಮ್ಯಾಚಿನಲ್ಲಿ ಮೂರೂವರೆ–ನಾಲ್ಕು ಕಿಲೋಮೀಟರ್ ಆಸುಪಾಸು ಓಡುತ್ತಾನೆ. ಕೇಳಿದರೆ ಇಷ್ಟೇನಾ ಅನ್ನಿಸಬಹುದು. ನಮ್ಮಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರೇ ಅದಕ್ಕಿಂತ ಜಾಸ್ತಿ ನಡೆಯುತ್ತಾರೆ. ಆದರೆ ಇಲ್ಲಿ ದೂರ ಮುಖ್ಯ ಅಲ್ಲ. ಏಕಾಏಕಿ ಓಡುವುದು, ಗಕ್ಕನೆ ನಿಲ್ಲುವುದು, ಪಕ್ಕಕ್ಕೆ ಸರಿಯುವುದು, ಎದೆಗೆ ಎದೆ ಕೊಟ್ಟು ತಡೆಯುವುದು, ಹಾರುವುದು, ಬೀಳುವುದು, ಮತ್ತೆ ಎದ್ದು ಓಡುವುದು. ಆಟಗಾರರ ಓಟವನ್ನು ಅಳೆದು ನೋಡಿದವರು ಮತ್ತೆ ಮತ್ತೆ ಕಂಡದ್ದು ಒಂದೇ: ದ್ವಿತೀಯಾರ್ಧದಲ್ಲಿ ಜೋರಿನ ಓಟ ಕಡಿಮೆಯಾಗುತ್ತದೆ. ಒಟ್ಟು ದೂರ ಅಷ್ಟಾಗಿ ಇಳಿಯದಿದ್ದರೂ ಬಿರುಸು ಇಳಿಯುತ್ತದೆ.

ಈಗ ಡಿಫೆನ್ಸ್‌ನಲ್ಲಿ ನಿಂತ ಒಬ್ಬ ಹುಡುಗನನ್ನು ಮಾತ್ರ ನೋಡಿ. ಎದುರಾಳಿ ಎಡಕ್ಕೆ ಹೆಜ್ಜೆ ತೋರಿಸಿ ಬಲಕ್ಕೆ ನುಗ್ಗುತ್ತಾನೆ. ಹತ್ತನೇ ನಿಮಿಷದಲ್ಲಿ ನಮ್ಮ ಹುಡುಗ ಎರಡು ಚಿಕ್ಕ ಹೆಜ್ಜೆ ಸರಿದು ಎದೆ ಅಡ್ಡ ಕೊಡುತ್ತಾನೆ. ಅದು ನ್ಯಾಯವಾದ ತಡೆ, ರೆಫರಿ ಸೀಟಿ ಊದಿದರೂ ಒಂದು ಫ್ರೀ ಥ್ರೋ ಅಷ್ಟೇ. ಐವತ್ತನೇ ನಿಮಿಷದಲ್ಲಿ ಅದೇ ಹುಡುಗ, ಅದೇ ಎದುರಾಳಿ. ಹೇಗೆ ತಡೆಯಬೇಕು ಅಂತ ತಲೆಗೆ ಗೊತ್ತಿದೆ, ಕಾಲು ಮಾತ್ರ ಅರ್ಧ ಹೆಜ್ಜೆ ತಡ. ದೇಹ ತಲುಪದ ಕಡೆ ಕೈ ತಲುಪುತ್ತದೆ. ಅಂಗಿ ಹಿಡಿಯುತ್ತಾನೆ, ಇಲ್ಲವೇ ಹಿಂದಿನಿಂದ ಚೆಂಡೆಸೆಯುವ ತೋಳು ಎಳೆಯುತ್ತಾನೆ. ರೆಫರಿ ಎರಡು ಬೆರಳು ಎತ್ತುತ್ತಾನೆ. ಎರಡು ನಿಮಿಷ ಹೊರಗೆ, ಅಷ್ಟು ಹೊತ್ತು ತಂಡದಲ್ಲಿ ಒಬ್ಬ ಕಡಿಮೆ.

ಹೊರಗೆ ಬಂದವನನ್ನು ಮಾಸ್ತರರು ಬೈಯುತ್ತಾರೆ, ‘ತಲಿ ಎಲ್ಲಿಟ್ಟಿದ್ದಿ?’ ಅಂತ. ಅವನ ಉತ್ತರ ಬಹಳ ಸಲ ಪ್ರಾಮಾಣಿಕವಾಗಿರುತ್ತದೆ: ‘ಕಾಲ ಏಳವಲ್ವು ಸರ್.’ ಈ ಮಾತನ್ನು ನೆಪ ಅಂತ ತಳ್ಳಿಹಾಕುವ ಮಾಸ್ತರರೇ ಜಾಸ್ತಿ. ನಾನಾದರೆ ಇದನ್ನೇ ಬರೆದಿಟ್ಟುಕೊಳ್ಳುತ್ತೇನೆ. ಯಾಕೆಂದರೆ ಕೊನೆಯ ಹಂತದ ಸೋಲಿನ ಬಗ್ಗೆ ಅಂಗಳದಲ್ಲಿ ಸಿಗುವ ಅತ್ಯಂತ ನಂಬಿಕೆಯ ಸಾಕ್ಷಿ ಇದು.

ಇನ್ನೊಂದು ತೊಡಕಿದೆ. ಒಬ್ಬನೇ ಆಟಗಾರನಿಗೆ ಮೂರನೇ ಸಲ ಎರಡು ನಿಮಿಷ ಬಿದ್ದರೆ ಕೆಂಪು ಕಾರ್ಡು. ಹಾಗಾಗಿ ಮೊದಲರ್ಧದಲ್ಲೇ ಎರಡು ಸಲ ಹೊರಗೆ ಹೋಗಿ ಬಂದ ಡಿಫೆಂಡರ್ ಕೊನೆಯಲ್ಲಿ ಕೈ ಕಟ್ಟಿಕೊಂಡೇ ಆಡುತ್ತಾನೆ. ಮುಟ್ಟಲು ಹೆದರಿಕೆ, ಬಿಟ್ಟರೆ ಗೋಲು. ಎದುರು ತಂಡದ ಕೋಚ್ ಜಾಣನಾಗಿದ್ದರೆ ಕೊನೆಯ ಹತ್ತು ನಿಮಿಷದ ಎಲ್ಲ ಅಟ್ಯಾಕ್‌ಗಳನ್ನೂ ಅವನ ಮೇಲೆಯೇ ತಿರುಗಿಸುತ್ತಾನೆ. ನೋಡುವವರಿಗೆ ಕಾಣುವುದು ‘ಅವನು ಹೆದರಿದ’ ಅಂತ. ಅವನ ಹೆದರಿಕೆ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಸ್ಕೋರ್‌ಶೀಟ್‌ನಲ್ಲಿ ಅವನ ಹೆಸರಿನ ಮುಂದೆ ಏನಿದೆ ಅಂತ ನೋಡಬೇಕು.

ಎರಡು ನಿಮಿಷ ಅಂದರೆ ಎಷ್ಟು?

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ದೊಡ್ಡ ಮಟ್ಟದ ಮ್ಯಾಚಿನಲ್ಲಿ ಒಂದು ತಂಡಕ್ಕೆ 60 ನಿಮಿಷದಲ್ಲಿ ಸುಮಾರು 50 ಅಟ್ಯಾಕ್ ಸಿಗುತ್ತವೆ. ಅಂದರೆ ಐದು ನಿಮಿಷಕ್ಕೆ ನಾಲ್ಕು. ಎರಡರಲ್ಲಿ ಒಂದು ಗೋಲಾಗುತ್ತದೆ ಅಂತಿಟ್ಟುಕೊಳ್ಳಿ.

ಐದು ನಿಮಿಷ ಬಾಕಿ ಇದೆ, ನಾವು ಎರಡು ಗೋಲು ಮುಂದಿದ್ದೇವೆ, ಎರಡೂ ತಂಡಕ್ಕೆ ನಾಲ್ಕು ನಾಲ್ಕು ಅಟ್ಯಾಕ್ ಉಳಿದಿವೆ. ಎರಡೂ ಕಡೆ ಅರ್ಧಕ್ಕರ್ಧ ಗೋಲಾಗುವ ಹಾಗಿದ್ದರೆ, ಎದುರಾಳಿ ಸಮ ಮಾಡುವ ಅಥವಾ ದಾಟಿ ಹೋಗುವ ಸಾಧ್ಯತೆ ಏಳರಲ್ಲಿ ಒಂದು. ನೆಮ್ಮದಿಯ ಲೆಕ್ಕವೇ. ಈಗ ನಮ್ಮವನೊಬ್ಬ ಎರಡು ನಿಮಿಷ ಹೊರಗೆ ಹೋದ ಅಂತಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಬರುವ ಎರಡೆರಡು ಅಟ್ಯಾಕ್‌ಗಳಲ್ಲಿ ನಮ್ಮ ಗೋಲಿನ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕೆ ಇಳಿಯಿತು, ಅವರದು ನಾಲ್ಕರಲ್ಲಿ ಮೂರಕ್ಕೆ ಏರಿತು ಅನ್ನೋಣ. ಉಳಿದದ್ದೆಲ್ಲ ಮೊದಲಿನಂತೆಯೇ. ಆಗ ಅವರು ಸಮ ಮಾಡುವ ಅಥವಾ ದಾಟುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ.

ಗೋಲಿನ ಈ ಪ್ರಮಾಣಗಳು ನಾನು ಲೆಕ್ಕಕ್ಕೋಸ್ಕರ ಹಿಡಿದುಕೊಂಡವು. ನಿಮ್ಮ ತಂಡದ ಅಂಕಿ ಬೇರೆ ಇರಬಹುದು. ಆದರೆ ಲೆಕ್ಕ ಹೋಗುವ ದಿಕ್ಕು ಬದಲಾಗುವುದಿಲ್ಲ. ಯಾರ ಎದೆಗಾರಿಕೆಯೂ ಕಡಿಮೆಯಾಗಿಲ್ಲ, ಯಾರ ಕೈಯೂ ನಡುಗಿಲ್ಲ. ಒಂದೇ ಒಂದು ಸಲ ಅಂಗಿ ಹಿಡಿದಿದ್ದಕ್ಕೆ ಅಪಾಯ ಎರಡೂವರೆ ಪಟ್ಟಾಯಿತು. ಮ್ಯಾಚ್ ‘ಕೈಬಿಟ್ಟು ಹೋಯಿತು’ ಅಂತ ನಾವು ಹೇಳುವ ಎಷ್ಟೋ ಮ್ಯಾಚುಗಳು ಹೋಗುವುದು ಹೀಗೆಯೇ.

ಒಬ್ಬ ಕಡಿಮೆಯಾದಾಗ ಕೋಚ್‌ಗಳು ಒಂದು ಉಪಾಯ ಮಾಡುತ್ತಾರೆ. ಅಟ್ಯಾಕ್ ಮಾಡುವಾಗ ಕೀಪರ್‌ನನ್ನು ಹೊರಗೆ ಕರೆದು ಇನ್ನೊಬ್ಬ ಆಟಗಾರನನ್ನು ಕಳಿಸುವುದು. 2016ರ ನಿಯಮ ಬದಲಾವಣೆಯ ನಂತರ ಇದು ಸುಲಭವಾಯಿತು. ಹಾಗೆ ಒಳಗೆ ಬಂದವನು ಕೀಪರ್ ಬಣ್ಣದ ಅಂಗಿ ತೊಡಬೇಕಾಗಿಲ್ಲ. ಕೆಲವು ತಂಡಗಳು ಪೂರ್ತಿ ಬಲ ಇದ್ದಾಗಲೂ ಹೀಗೆ ಏಳು ಜನರನ್ನು ಮುಂದೆ ಬಿಡುತ್ತವೆ. ಚೆಂಡು ಕೈತಪ್ಪಿದರೆ ಮಾತ್ರ ಕತೆ ಮುಗಿಯಿತು, ಎದುರಾಳಿ ತನ್ನ ಗೋಲಿನ ಹತ್ತಿರದಿಂದಲೇ ಖಾಲಿ ಗೋಲಿಗೆ ಎಸೆಯುತ್ತಾನೆ. ಟಿವಿಯಲ್ಲಿ ಇದನ್ನು ನೋಡಿ ಬಂದು ಅಭ್ಯಾಸವಿಲ್ಲದೆ ಕೊನೆಯ ಐದು ನಿಮಿಷದಲ್ಲಿ ಮಾಡಿಸುವ ಕೋಚ್‌ಗಳ ಬಗ್ಗೆ ನನಗೆ ನಿಜಕ್ಕೂ ಬೇಜಾರಿದೆ. ಹೊರಗೆ ಬರುವವನು ಪೂರ್ತಿ ಗೆರೆ ದಾಟುವ ಮುಂಚೆ ಇನ್ನೊಬ್ಬ ಒಳಗೆ ಹೋದರೆ ಅದೂ ತಪ್ಪೇ, ಅದಕ್ಕೂ ಎರಡು ನಿಮಿಷ. ಒಬ್ಬ ಕಡಿಮೆ ಇದ್ದ ತಂಡದಲ್ಲಿ ಇಬ್ಬರು ಕಡಿಮೆಯಾಗುತ್ತಾರೆ.

ಕಬಡ್ಡಿಯ ಅಭ್ಯಾಸ

ನಮ್ಮ ಕಡೆ ಹ್ಯಾಂಡ್‌ಬಾಲ್‌ಗೆ ಬರುವ ಹುಡುಗ ಹುಡುಗಿಯರಲ್ಲಿ ಬಹಳ ಜನ ಮೊದಲು ಕಬಡ್ಡಿ ಅಥವಾ ಖೋಖೋ ಆಡಿ ಬಂದವರು. ಅದರಿಂದ ಲಾಭವೂ ಇದೆ. ಮೈಗೆ ಮೈ ತಾಗಿಸಿ ಆಡಲು ಹೆದರಿಕೆ ಇರುವುದಿಲ್ಲ, ಬೀಳುವುದು ಹೇಗೆ ಅಂತ ಗೊತ್ತಿರುತ್ತದೆ. ಆದರೆ ಕಬಡ್ಡಿಯಿಂದ ಬಂದ ಒಂದು ಅಭ್ಯಾಸ ಕೊನೆಯ ನಿಮಿಷಗಳಲ್ಲಿ ಇಲ್ಲಿ ಸರಿಯಾಗಿ ಕೈಕೊಡುತ್ತದೆ.

ಕಬಡ್ಡಿಯಲ್ಲಿ ಮುಂದಿರುವ ತಂಡ ಹೊತ್ತು ಕಳೆಯಬಹುದು. ರೇಡರ್ ಹೋಗಿ ಬಾಕ್ ಗೆರೆ ದಾಟಿ, ಮೂವತ್ತು ಸೆಕೆಂಡ್ ತುಂಬುವವರೆಗೆ ಅತ್ತಿತ್ತ ಆಡಿ, ಖಾಲಿ ಕೈಯಲ್ಲಿ ವಾಪಸ್ ಬರುತ್ತಾನೆ. ಈಗಿನ ‘ಡೂ ಆರ್ ಡೈ’ ನಿಯಮದಲ್ಲೂ ಎರಡು ಖಾಲಿ ರೇಡ್‌ಗೆ ಅವಕಾಶ ಇದ್ದೇ ಇದೆ. ಜನ ಚಪ್ಪಾಳೆ ತಟ್ಟಿ ‘ಟೈಮ್ ಪಾಸ್ ಮಾಡಲೇ’ ಅಂತ ಕೂಗುತ್ತಾರೆ. ಅಲ್ಲಿ ಅದು ಜಾಣತನ.

ಹ್ಯಾಂಡ್‌ಬಾಲ್‌ನಲ್ಲಿ ಹಾಗೆ ಸುಮ್ನೆ ಚೆಂಡು ಸುತ್ತಿಸುತ್ತಾ ನಿಲ್ಲಲು ಬಿಡುವುದಿಲ್ಲ. ಗೋಲಿಗೆ ಪ್ರಯತ್ನವೇ ಇಲ್ಲ ಅನ್ನಿಸಿದರೆ ರೆಫರಿ ಕೈ ಎತ್ತುತ್ತಾನೆ. ಅದು ಎಚ್ಚರಿಕೆ. ಅಲ್ಲಿಂದ ಮುಂದೆ ನಾಲ್ಕೇ ಪಾಸ್, ಅಷ್ಟರಲ್ಲಿ ಎಸೆಯಬೇಕು. ಇಲ್ಲದಿದ್ದರೆ ಚೆಂಡು ಎದುರಾಳಿಗೆ. 2016ರಲ್ಲಿ ಈ ಮಿತಿ ಆರು ಪಾಸ್ ಇತ್ತು, 2022ರ ಜುಲೈಯಿಂದ ನಾಲ್ಕಕ್ಕೆ ಇಳಿಸಿದರು. ನಡುವೆ ಫ್ರೀ ಥ್ರೋ ಸಿಕ್ಕರೂ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. ಹಳೆಯ ಆರು ಪಾಸಿನ ಲೆಕ್ಕದಲ್ಲಿ ಕಲಿತವರಿಗೆ ಈ ಎರಡು ಪಾಸಿನ ವ್ಯತ್ಯಾಸ ಸಣ್ಣದಲ್ಲ.

ಲೀಡ್ ಇರುವ ತಂಡ ಕೊನೆಯಲ್ಲಿ ಏನು ಮಾಡುತ್ತದೆ ನೋಡಿ. ಗೋಲಿನಿಂದ ಒಂಬತ್ತು ಮೀಟರ್ ದೂರದ ಗೆರೆಯ ಹೊರಗೆ ಚೆಂಡು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ. ಯಾರೂ ಒಳಗೆ ನುಗ್ಗುವುದಿಲ್ಲ. ತಪ್ಪಾದರೆ ನನ್ನ ಹೆಸರು ಬರುತ್ತದೆ ಅಂತ ಎಲ್ಲರಿಗೂ ಅನ್ನಿಸಿರುತ್ತದೆ. ರೆಫರಿ ಕೈ ಎತ್ತುತ್ತಾನೆ, ಚೆಂಡು ನೋಡುತ್ತಿರುವ ಆರೂ ಜನರಿಗೆ ಅದು ಕಾಣುವುದೇ ಇಲ್ಲ. ಮೂರನೇ ಪಾಸಿಗೆ ಯಾರೋ ನೋಡಿ ಚೀರುತ್ತಾರೆ. ನಾಲ್ಕನೇ ಪಾಸ್ ತಂಡದ ದೊಡ್ಡ ಆಟಗಾರನಿಗೆ. ಅವನು ಹತ್ತು ಮೀಟರಿನಿಂದ, ಎದುರಿಗೆ ಮೂವರು ಕೈ ಎತ್ತಿ ನಿಂತಿರುವಾಗ, ದಣಿದ ಕಾಲಲ್ಲಿ ಹಾರಿ ಎಸೆಯುತ್ತಾನೆ. ಕೀಪರ್‌ಗೆ ಇದಕ್ಕಿಂತ ಸುಲಭದ ಚೆಂಡು ಇಡೀ ಮ್ಯಾಚಿನಲ್ಲಿ ಸಿಕ್ಕಿರುವುದಿಲ್ಲ. ತಡೆದು ಉದ್ದಕ್ಕೆ ಎಸೆದರೆ ಆ ಕಡೆ ವಿಂಗ್‌ನವನು ಆಗಲೇ ಓಡುತ್ತಿರುತ್ತಾನೆ.

ಹತ್ತು ಸೆಕೆಂಡಿನಲ್ಲಿ ಗೋಲು. ಆಮೇಲೆ ನಾವು ಹೇಳುವುದು, ‘ಅವನಿಗೆ ಆ ಹೊತ್ತಿನಲ್ಲಿ ಆ ಶಾಟ್ ಬೇಕಿತ್ತಾ?’ ಬೇಕಿರಲಿಲ್ಲ ನಿಜ. ಆದರೆ ಉಳಿದ ಐವರು ಅವನಿಗೆ ಬೇರೆ ದಾರಿ ಬಿಟ್ಟಿದ್ದರಾ?

ಬೆಂಚಿನಲ್ಲಿ ಕೂತವರಿಗೆ ಒಂದು ಕೆಲಸ ಕೊಡಬೇಕು. ರೆಫರಿಯ ಕೈ ನೋಡುವುದು. ಎತ್ತಿದ ಕೂಡಲೇ ‘ಕೈ ಎತ್ತ್ಯಾರ!’ ಅಂತ ಕೂಗುವುದು, ಆಮೇಲೆ ಪಾಸ್ ಎಣಿಸುವುದು. ದುಡ್ಡು ಖರ್ಚಿಲ್ಲ, ಉಪಕರಣ ಬೇಡ.

ಹಸಿರು ಕಾರ್ಡು

ಟೈಮ್‌ಔಟ್ ಬಗ್ಗೆ ನಮ್ಮಲ್ಲಿ ಒಂದು ನಂಬಿಕೆ ಇದೆ, ಕೊನೆಗೆ ಉಳಿಸಿಕೊಂಡಷ್ಟೂ ಒಳ್ಳೆಯದು ಅಂತ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದು ತಂಡಕ್ಕೆ ಒಂದೊಂದು ನಿಮಿಷದ ಮೂರು ಟೈಮ್‌ಔಟ್. ಆದರೆ ಒಂದು ಅರ್ಧದಲ್ಲಿ ಎರಡಕ್ಕಿಂತ ಜಾಸ್ತಿ ಇಲ್ಲ. ಕೊನೆಯ ಐದು ನಿಮಿಷದಲ್ಲಿ ಒಂದೇ ಒಂದು. ಚೆಂಡು ನಮ್ಮ ಕೈಯಲ್ಲಿದ್ದಾಗ ಮಾತ್ರ ಟೈಮ್‌ಔಟ್ ಕೇಳುವ ಹಸಿರು ಕಾರ್ಡು ಇಡಬಹುದು. ಅಂದರೆ ಮೊದಲರ್ಧದಲ್ಲಿ ಒಂದನ್ನೂ ಬಳಸದ ಕೋಚ್ ಒಂದನ್ನು ಸುಮ್ಮನೆ ಕಳೆದುಕೊಂಡ ಹಾಗೆ. ಎರಡನ್ನು ಕೊನೆಗೆ ಇಟ್ಟುಕೊಂಡವನು ಇನ್ನೊಂದನ್ನು ಕಳೆದುಕೊಂಡ. ಸಣ್ಣ ಕೂಟಗಳಲ್ಲಿ ಅರ್ಧಕ್ಕೊಂದೇ ಅಂತಲೂ ಇರುತ್ತದೆ, ಮ್ಯಾಚಿಗೆ ಮುಂಚೆ ಸಮಯ, ಸ್ಕೋರ್ ನೋಡಿಕೊಳ್ಳುವವರ ಟೇಬಲ್‌ನಲ್ಲಿ ಕೇಳಿಕೊಳ್ಳಬೇಕು.

ನನ್ನ ಅಭಿಪ್ರಾಯದಲ್ಲಿ ದ್ವಿತೀಯಾರ್ಧದ ನಡುವಿನ ಟೈಮ್‌ಔಟ್ ಕೊನೆಯ ಟೈಮ್‌ಔಟ್‌ಗಿಂತ ಬೆಲೆಬಾಳುತ್ತದೆ. ಲೀಡ್ ಐದರಿಂದ ಮೂರಕ್ಕೆ ಇಳಿದಾಗ ನಿಲ್ಲಿಸಿ ಇಬ್ಬರನ್ನು ಬದಲಿಸಿದರೆ ಏನೋ ಉಳಿಯುತ್ತದೆ. ಒಂದಕ್ಕೆ ಇಳಿದ ಮೇಲೆ ಕರೆದು ನಿಲ್ಲಿಸಿದರೆ, ಏದುಸಿರು ಬಿಡುತ್ತಿರುವ ಹುಡುಗರಿಗೆ ಏನು ಹೇಳಿದರೂ ಅರ್ಧ ಕಿವಿಗೆ ಹೋಗುವುದಿಲ್ಲ.

ಹಾಗಂತ ಎಲ್ಲವನ್ನೂ ದಣಿವಿನ ತಲೆಗೆ ಕಟ್ಟಲು ಆಗುವುದಿಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, 2024ರ ಆಗಸ್ಟ್ 7ರಂದು, ಲಿಲ್ ನಗರದಲ್ಲಿ ನಡೆದ ಪುರುಷರ ಕ್ವಾರ್ಟರ್ ಫೈನಲ್ ನನ್ನ ವಾದಕ್ಕೆ ಬೇಕಂತಲೇ ಅಡ್ಡ ಬರುವ ಮ್ಯಾಚ್. ಫ್ರಾನ್ಸ್ ಹಿಂದಿನ ಒಲಿಂಪಿಕ್ಸ್ ಚಾಂಪಿಯನ್, ಮೇಲಾಗಿ ತವರಿನ ಜನ. ಜರ್ಮನಿ ವಿರುದ್ಧ ಒಂದು ಗೋಲು ಮುಂದಿತ್ತು, ಆರು ಸೆಕೆಂಡ್ ಬಾಕಿ, ಚೆಂಡೂ ಫ್ರಾನ್ಸ್ ಕೈಯಲ್ಲೇ. ಕೋಚ್ ಗಿಯೋಮ್ ಜಿಲ್ ಟೈಮ್‌ಔಟ್ ತೆಗೆದುಕೊಂಡು ಎಲ್ಲರನ್ನೂ ಕರೆದು ಮಾತಾಡಿಯೂ ಆಯಿತು. ಆಟ ಶುರುವಾದ ಕೂಡಲೇ ದಿಕಾ ಮೆಮ್ ಕೊಟ್ಟ ಪಾಸನ್ನು ಜರ್ಮನಿಯ ಯುಲಿಯನ್ ಕೋಸ್ಟರ್ ತಡೆದ. ಚೆಂಡು ರೆನಾರ್ಸ್ ಉಶಿನ್ಸ್ ಕೈಗೆ ಹೋಯಿತು, ಸಮಯ ಮುಗಿಯುವ ಕೊನೆಯ ಕ್ಷಣದಲ್ಲಿ ಗೋಲು. 29–29. ಹೆಚ್ಚುವರಿ ಸಮಯದಲ್ಲಿ ಜರ್ಮನಿ 35–34ರಿಂದ ಗೆದ್ದಿತು. ಫ್ರಾನ್ಸ್‌ನ ನಿಕೋಲಾ ಕರಾಬಾಟಿಚ್‌ನಂಥ ದಿಗ್ಗಜನ ಆಟದ ಬದುಕು ಆ ಸೋಲಿನೊಂದಿಗೆ ಮುಗಿಯಿತು.

ಫ್ರಾನ್ಸ್‌ಗೆ ಬೆಂಚಿನ ಕೊರತೆ ಇರಲಿಲ್ಲ. ಅನುಭವದ ಕೊರತೆಯಂತೂ ಇಲ್ಲವೇ ಇಲ್ಲ. ಆರು ಸೆಕೆಂಡ್ ಚೆಂಡು ಹಿಡಿದು, ಎದುರಾಳಿ ಬಂದು ಫೌಲ್ ಮಾಡಿದರೆ ಫ್ರೀ ಥ್ರೋ ತೆಗೆದುಕೊಂಡಿದ್ದರೂ ಸಾಕಿತ್ತು. ದೂರದಿಂದ ನೋಡುವ ನಮಗೆ ಇದು ಸುಲಭ ಅನ್ನಿಸುತ್ತದೆ. ಆದರೆ ಅಂಥ ಆರು ಸೆಕೆಂಡು ಹೇಗೆ ಕಳೆಯಬೇಕು ಅನ್ನುವುದನ್ನು ಅಂಗಳದಲ್ಲಿ ಹತ್ತಾರು ಸಲ ಆಡಿ ನೋಡದಿದ್ದರೆ, ಕಾಲಲ್ಲಿ ಕಸುವಿದ್ದವರೂ ಎಡವುತ್ತಾರೆ. ಹಾಗಾಗಿ ದಣಿವು ಒಂದು ಕಾರಣವಾದರೆ, ಅಭ್ಯಾಸದಲ್ಲಿ ಎಂದೂ ಬಾರದ ಸನ್ನಿವೇಶ ಇನ್ನೊಂದು. ನಮ್ಮ ತಂಡಗಳಿಗೆ ಎರಡೂ ಒಟ್ಟಿಗೆ ಎದುರಾಗುತ್ತವೆ.

ಕೊನೆಯ ಮೂವತ್ತು ಸೆಕೆಂಡಿನ ನಿಯಮವೂ ಹಾಗೆಯೇ. ಮುಂದಿರುವ ತಂಡದವನು ಎದುರಾಳಿ ಬೇಗ ಆಟ ಶುರು ಮಾಡದಂತೆ ಅಡ್ಡ ನಿಂತರೆ, ಚೆಂಡನ್ನು ತಬ್ಬಿಕೊಂಡರೆ, ಇಲ್ಲವೇ ಗೋಲ್ ಹೊಡೆದ ಹುಮ್ಮಸ್ಸಿನಲ್ಲಿ ಅದನ್ನು ದೂರ ತಳ್ಳಿದರೆ ಕೆಂಪು ಕಾರ್ಡು. ಜೊತೆಗೆ ಎದುರಾಳಿಗೆ ಏಳು ಮೀಟರ್ ಥ್ರೋ. ಕೀಪರ್ ಒಬ್ಬನೇ ಎದುರಿಗೆ, ಬಹುತೇಕ ಗೋಲೇ. ಹಿಂದೆ ಕೊನೆಯ ಒಂದು ನಿಮಿಷಕ್ಕೆ ಬೇರೆ ಥರದ ಶಿಕ್ಷೆ ಇತ್ತು, 2016ರಿಂದ ಹೀಗಾಯಿತು. ಫುಟ್‌ಬಾಲ್ ನೋಡಿ ಚೆಂಡು ಒದೆಯುವುದನ್ನು ಕಲಿತ ಹುಡುಗರಿಗೆ ಇದನ್ನು ಬಾಯಿಪಾಠ ಮಾಡಿಸಬೇಕು.

ನಮ್ಮ ಅಂಗಳ, ನಮ್ಮ ಮಳೆ, ನಮ್ಮ ಮಿರ್ಚಿ

ಇಲ್ಲಿಗೆ ಬಂದರೆ ಯುರೋಪಿನ ಪುಸ್ತಕದಲ್ಲಿ ಇಲ್ಲದ ಕೆಲವು ಸಂಗತಿ ಸೇರಿಕೊಳ್ಳುತ್ತವೆ.

ಮೊದಲನೆಯದು ನೆಲ. ಒಳಾಂಗಣದ ಮರದ ನೆಲದಲ್ಲಿ ಆಡುವ ಆಟವನ್ನು ನಾವು ಸುಣ್ಣದ ಗೆರೆ ಎಳೆದ ಮಣ್ಣಿನ ಅಂಗಳದಲ್ಲಿ ಆಡುತ್ತೇವೆ. ಶಾಲಾ ಕ್ರೀಡಾಕೂಟಗಳು ನಡೆಯುವುದು ಬಹುತೇಕ ಮಳೆಗಾಲದಲ್ಲಿ. ಧಾರವಾಡದ ಜಿಟಿಜಿಟಿ ಮಳೆ ಬಗ್ಗೆ ಹೇಳುವುದೇ ಬೇಡ. ಧಾರವಾಡದ ಕೆಂಪು ಮಣ್ಣಾದರೂ ಪರವಾಗಿಲ್ಲ, ನೀರು ಬಸಿದು ಹೋಗುತ್ತದೆ. ನವಲಗುಂದ, ಗದಗಿನ ಎರಿ ಮಣ್ಣಿನಲ್ಲಿ ಮಳೆ ಬಂದರೆ ಬೂಟಿನ ಅಡಿಗೆ ಮಣ್ಣೇ ಇನ್ನೊಂದು ಬೂಟಾಗಿ ಅಂಟುತ್ತದೆ. ಪ್ರತಿ ಹೆಜ್ಜೆಗೂ ಜಾಸ್ತಿ ಶ್ರಮ. ಒಳಾಂಗಣದಲ್ಲಿ ಐವತ್ತನೇ ನಿಮಿಷಕ್ಕೆ ಬರುವ ದಣಿವು ಇಲ್ಲಿ ಎಷ್ಟೋ ಮೊದಲೇ ಬರುತ್ತದೆ. ಒದ್ದೆ ಚೆಂಡು ಕೈಯಿಂದ ಜಾರುವುದು ಬೇರೆ. ಬೇಸಿಗೆ ಕೂಟಗಳ ಕತೆ ಇನ್ನೊಂದು ಥರ. ಮಾರ್ಚ್ ಕೊನೆಗೆ ಹುಬ್ಬಳ್ಳಿ ಬಿಸಿಲಲ್ಲಿ ಹನ್ನೆರಡರ ಮ್ಯಾಚ್ ಅಂದರೆ ದ್ವಿತೀಯಾರ್ಧಕ್ಕೆ ಬಾಯಿ ಒಣಗಿ ಮಾತೇ ಬರುವುದಿಲ್ಲ. ಡಿಫೆನ್ಸ್ ಕೆಡುವುದಕ್ಕೆ ಅಲ್ಲಿಂದಲೇ ಶುರು. ಯಾಕೆಂದರೆ ಹ್ಯಾಂಡ್‌ಬಾಲ್ ಡಿಫೆನ್ಸ್ ಅರ್ಧ ನಿಂತಿರುವುದು ಒಬ್ಬರಿಗೊಬ್ಬರು ಕೂಗಿ ಹೇಳುವುದರ ಮೇಲೆ.

ಎರಡನೆಯದು ವೇಳಾಪಟ್ಟಿ. ತಾಲೂಕು, ಜಿಲ್ಲಾ ಮಟ್ಟದಲ್ಲಿ ಸೆಮಿಫೈನಲ್, ಫೈನಲ್ ಒಂದೇ ದಿನ ಮುಗಿಸುವುದು ಮಾಮೂಲಿ. ಬಸ್ಸಿಗೆ, ಊಟಕ್ಕೆ ಎರಡನೇ ದಿನದ ಖರ್ಚು ಯಾರು ಕೊಡುತ್ತಾರೆ? ಬೆಳಿಗ್ಗೆ ಉಪ್ಪಿಟ್ಟು ತಿಂದು ಬಂದ ಹುಡುಗರು ಎರಡು ಮ್ಯಾಚ್ ಆಡಿ, ನಡುವೆ ಗೇಟಿನ ಹೊರಗಿನ ಗಾಡಿಯಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದು ಫೈನಲ್‌ಗೆ ಇಳಿಯುತ್ತಾರೆ. ಗಿರ್ಮಿಟ್ಟಿನ ಮೇಲೆ ನನಗೇನೂ ಸಿಟ್ಟಿಲ್ಲ, ಮ್ಯಾಚ್ ಮುಗಿದ ಮೇಲೆ ನಾನೂ ಅಲ್ಲೇ ನಿಂತಿರುತ್ತೇನೆ. ಆದರೆ ಎರಡು ಮ್ಯಾಚಿನ ನಡುವೆ ಎಣ್ಣೆಯಲ್ಲಿ ಕರಿದದ್ದು ಹೊಟ್ಟೆಯಲ್ಲಿ ಭಾರವಾಗಿ ಕೂರುತ್ತದೆ, ಬೇಗ ಶಕ್ತಿ ಕೊಡುವುದಿಲ್ಲ. ಬಾಳೆಹಣ್ಣು, ಬೆಲ್ಲ, ಉಪ್ಪು–ಸಕ್ಕರೆ ಹಾಕಿದ ಲಿಂಬೆ ನೀರು ಇದ್ದರೆ ಸಾಕು, ಹೆಸರುವಾಸಿ ಪಾನೀಯಗಳೇ ಬೇಕಂತಿಲ್ಲ.

ಮೂರನೆಯದು ಗಡಿಯಾರ. ನಮ್ಮ ಬಹುತೇಕ ಅಂಗಳಗಳಲ್ಲಿ ಎಲ್ಲರಿಗೂ ಕಾಣುವ ಗಡಿಯಾರವೇ ಇರುವುದಿಲ್ಲ. ಸಮಯ ಇರುವುದು ಟೇಬಲ್‌ನಲ್ಲಿ ಕೂತವರ ಸ್ಟಾಪ್‌ವಾಚ್‌ನಲ್ಲಿ. ಎಷ್ಟು ನಿಮಿಷ ಬಾಕಿ ಅಂತ ಗೊತ್ತಿಲ್ಲದೆ ಕೊನೆಯ ಹಂತವನ್ನು ಹೇಗೆ ಆಡುವುದು? ಮೂರು ನಿಮಿಷ ಇದೆ ಅಂದುಕೊಂಡು ನಿಧಾನ ಮಾಡಿದವರಿಗೆ ಸೀಟಿ ಬೀಳುತ್ತದೆ. ಮುಗಿಯಿತು ಅಂದುಕೊಂಡು ಅವಸರದಲ್ಲಿ ಎಸೆದವರಿಗೆ ಇನ್ನೂ ಎರಡು ನಿಮಿಷ ಇರುತ್ತದೆ. ಗಡಿಯಾರ ಇಲ್ಲದ ಕಡೆ ಟೇಬಲ್‌ನವರು ತಂಡಕ್ಕೆ ಸಮಯ ತಿಳಿಸಬೇಕು ಅಂತ ನಿಯಮವೇ ಇದೆ. ಕೇಳುವವರು ಬೇಕು ಅಷ್ಟೇ.

ಇಷ್ಟೆಲ್ಲದರ ನಡುವೆ ನನಗೆ ದೊಡ್ಡದಾಗಿ ಕಾಣುವುದು ಬೆಂಚು. ಬದಲಿಗೆ ಮಿತಿಯೇ ಇಲ್ಲದ ಆಟ ಇದು. ದೊಡ್ಡ ತಂಡಗಳು ಅಟ್ಯಾಕ್‌ಗೆ ಒಬ್ಬ, ಡಿಫೆನ್ಸ್‌ಗೆ ಇನ್ನೊಬ್ಬ ಅಂತ ಓಡಾಡಿಸುತ್ತಲೇ ಇರುತ್ತವೆ. ನಮ್ಮಲ್ಲಿ ಅದೇ ಏಳು ಜನ ಮೊದಲಿಂದ ಕೊನೆಯವರೆಗೆ. ಉಳಿದವರು ನೀರಿನ ಬಾಟಲಿ ಹಿಡಿದು ಕೂತಿರುತ್ತಾರೆ. ಮಾಸ್ತರರ ಕಷ್ಟವೂ ಅರ್ಥವಾಗುತ್ತದೆ. ಎಂಟನೆಯವನು ಏಳನೆಯವನಷ್ಟು ಚೆನ್ನಾಗಿ ಆಡುವುದಿಲ್ಲ. ಮೊದಲರ್ಧದಲ್ಲಿ ಅವನನ್ನು ಇಳಿಸಿದರೆ ಎರಡು ಗೋಲು ಹೋಗಬಹುದು, ಪಾಲಕರು ಬೈಯಬಹುದು. ಹೆಡ್‌ಮಾಸ್ತರರಿಗೆ ಬೇಕಾಗಿರುವುದು ಕಪ್ಪು. ಆದರೆ ಮೊದಲರ್ಧದಲ್ಲಿ ಉಳಿಸಿದ ಆ ಎರಡು ಗೋಲನ್ನು ಕೊನೆಯ ಹತ್ತು ನಿಮಿಷದಲ್ಲಿ ನಾಲ್ಕಾಗಿ ಕೊಡಬೇಕಾಗುತ್ತದೆ. ತಂಡದ ಒಳ್ಳೆಯ ಎಸೆತಗಾರನನ್ನು ಡಿಫೆನ್ಸ್‌ನಲ್ಲಿ ನಿಲ್ಲಿಸದೆ ಕೂರಿಸಿ, ಬರೀ ಅಟ್ಯಾಕ್‌ಗೆ ಕಳಿಸುವುದನ್ನಾದರೂ ಶುರು ಮಾಡಬಹುದು. ಎಂಟನೆಯವನಿಗೆ ಗೋಲು ಹೊಡೆಯಲು ಬರದಿದ್ದರೂ ಕೈ ಎತ್ತಿ ಅಡ್ಡ ನಿಲ್ಲಲು ಬರುತ್ತದೆ, ಅಲ್ವಾ?

ದೇಶದ ಮಟ್ಟದಲ್ಲಿ ಈ ಆಟಕ್ಕೆ ಈಗೀಗ ಸ್ವಲ್ಪ ಗಾಳಿ ಬೀಸಿದೆ. 2022ರಲ್ಲಿ ಭಾರತದ ಜೂನಿಯರ್ ಹುಡುಗಿಯರು ಕಜಾಕಸ್ತಾನದ ಅಲ್ಮಾಟಿಯಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಗೆದ್ದರು, ಕೊನೆಯ ಪಂದ್ಯದಲ್ಲಿ ಥಾಯ್ಲೆಂಡ್ ವಿರುದ್ಧ 41–18. 2023ರಲ್ಲಿ ಜೈಪುರದಲ್ಲಿ ಪುರುಷರ ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗ್ ನಡೆಯಿತು, ಆರು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಧಾರವಾಡ, ಗದಗ, ಹಾವೇರಿಯ ಶಾಲಾ ತಂಡಗಳು ಜಿಲ್ಲೆ ಗೆದ್ದ ಮೇಲೆ ಬೆಳಗಾವಿ ವಿಭಾಗ ಮಟ್ಟದಲ್ಲಿ ಆಡಬೇಕು, ಅದನ್ನು ದಾಟಿದರೆ ರಾಜ್ಯ. ಮೇಲೆ ಹೋದಷ್ಟೂ ದೊಡ್ಡ ಅಂತರದ ಗೆಲುವು ಸಿಗುವುದಿಲ್ಲ. ಮ್ಯಾಚ್ ಒಂದೆರಡು ಗೋಲಿಗೆ ಬಂದು ನಿಲ್ಲುತ್ತದೆ.

ಇದಕ್ಕೆ ತಯಾರಿ ಅಂದರೆ ಏನು? ಬಹುತೇಕ ಕಡೆ ಅಭ್ಯಾಸ ಶುರುವಾಗುವುದು ಓಟದಿಂದ, ಮುಗಿಯುವುದು ಏಳು ಮೀಟರ್ ಥ್ರೋ ಎಸೆದು ನಗುತ್ತಾ ಮನೆಗೆ ಹೋಗುವುದರಲ್ಲಿ. ಆ ಕೊನೆಯ ಭಾಗವನ್ನು ಬದಲಿಸಿ ನೋಡಬಹುದು. ಹುಡುಗರು ಪೂರ್ತಿ ದಣಿದ ಮೇಲೆ ಎರಡು ತಂಡ ಮಾಡಿ, ‘ಐದು ನಿಮಿಷ ಬಾಕಿ, ನೀವು ಒಂದು ಗೋಲು ಮುಂದೆ’ ಅಂತ ಆಡಿಸುವುದು. ಮರುದಿನ ಅದೇ ತಂಡ ಒಂದು ಗೋಲು ಹಿಂದೆ. ಇನ್ನೊಂದು ದಿನ ಒಬ್ಬ ಕಡಿಮೆ. ನಡುವೆ ಮಾಸ್ತರರೇ ರೆಫರಿಯಾಗಿ ಕೈ ಎತ್ತುವುದು, ನಾಲ್ಕು ಪಾಸ್ ಎಣಿಸುವುದು. ಏಳು ಮೀಟರ್ ಥ್ರೋ ಎಸೆಯುವ ಮುಂಚೆ ಅಂಗಳದ ಉದ್ದಕ್ಕೆ ಎರಡು ಸಲ ಓಡಿ ಬರಬೇಕು, ಯಾಕೆಂದರೆ ಮ್ಯಾಚಿನಲ್ಲಿ ಆ ಥ್ರೋ ನಿರಾಳವಾಗಿ ನಿಂತವನಿಗೆ ಸಿಗುವುದಿಲ್ಲ.

ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್. ಆಡದೆ ಕೂತ ಯಾರಿಗಾದರೂ ಕೊಟ್ಟು, ಐದೈದು ನಿಮಿಷಕ್ಕೊಂದು ಸಾಲಿನಂತೆ ಮೂ‌ರು ಸಂಗತಿ ಬರೆಸಬೇಕು: ಹೊಡೆದ ಗೋಲು, ಎಸೆಯದೆ ಕಳೆದುಕೊಂಡ ಚೆಂಡು, ಎರಡು ನಿಮಿಷ ಬಿದ್ದವರ ಹೆಸರು. ನಾಲ್ಕೈದು ಮ್ಯಾಚ್ ಆದ ಮೇಲೆ ನೋಡಿದರೆ ತಂಡ ಯಾವ ಸಾಲಿನಿಂದ ಇಳಿಯುತ್ತಿದೆ ಅಂತ ಕಾಣುತ್ತದೆ. ಬಹಳ ಸಲ ಅದು ಕೊನೆಯ ಸಾಲಾಗಿರುವುದಿಲ್ಲ, ಅದಕ್ಕಿಂತ ಎರಡು ಸಾಲು ಮೇಲೆ ಇರುತ್ತದೆ. ಬದಲಿ ಆಟಗಾರ ಎದ್ದು ವಾರ್ಮ್‌ಅಪ್ ಶುರು ಮಾಡಬೇಕಾದದ್ದು ಅಲ್ಲಿ.